ಹಿಟ್ಟು ಮಗುವಿನ ಕೈಯಲ್ಲಿ, ನಮ್ಮ ಕೈ ಬೆನ್ನ ಹಿಂದೆ: ಮಕ್ಕಳೊಡನೆ ಬೇಕಿಂಗ್ ಮಾಡುವ ಬಗೆ

ನಮ್ಮ ಅಡುಗೆಮನೆಗಳಲ್ಲಿ ಮಕ್ಕಳ ಪಾಲಿಗೆ ಬರುವುದು ಹೆಚ್ಚಾಗಿ ಬಿಡಿ ಕೆಲಸಗಳು. ಬಟಾಣಿ ಸುಲಿಯುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು, ಅವರೆಕಾಯಿಯ ಕಾಲದಲ್ಲಿ ಕಾಳು ಹಿಸುಕುವುದು, ಕರೆದಾಗ ಉಪ್ಪಿನ ಡಬ್ಬ ಎತ್ತಿಕೊಡುವುದು. ಒಗ್ಗರಣೆಯ ಹೊತ್ತು ಬಂತೆಂದರೆ ‘ಎಣ್ಣೆ ಸಿಡಿಯುತ್ತೆ, ಆಚೆ ನಿಲ್ಲು’ ಎಂಬ ಮಾತು ತಪ್ಪದೆ ಬರುತ್ತದೆ, ಬರಬೇಕಾದದ್ದೇ. ಹೀಗಾಗಿ ಮಗು ಎಷ್ಟೇ ಕಾಳು ಹಿಸುಕಿದರೂ ಕೊನೆಗೆ ತಟ್ಟೆಗೆ ಬೀಳುವುದು ಅಮ್ಮನ ಸಾರು ಅಥವಾ ಅಜ್ಜಿಯ ಹುಳಿ. ಬೇಕಿಂಗ್‌ನ ಕ್ರಮ ಬೇರೆ. ತೂಗುವುದು, ಜರಡಿ ಹಿಡಿಯುವುದು, ಕಲಸುವುದು, ಉಂಡೆ ಕಟ್ಟುವುದು, ತಟ್ಟೆಯಲ್ಲಿ ಜೋಡಿಸುವುದು ಎಲ್ಲವೂ ಬೆಂಕಿಯ ಸುಳಿವಿಲ್ಲದೆ ನಡೆಯುತ್ತವೆ. ಶಾಖ ಬರುವುದು ಕಟ್ಟಕಡೆಗೆ, ಅದೂ ಮುಚ್ಚಿದ ಬಾಗಿಲಿನ ಹಿಂದೆ. ಆದ್ದರಿಂದ ಆರೇಳು ವರ್ಷದ ಮಗುವೊಂದು, ಓವನ್ನಿನೊಳಗೆ ಇಡುವ ಮತ್ತು ತೆಗೆಯುವ ಎರಡು ಗಳಿಗೆಗಳನ್ನು ಬಿಟ್ಟು, ಉಳಿದ ಇಡೀ ಕೆಲಸವನ್ನು ತಾನೇ ಮಾಡಿ ಮುಗಿಸಬಹುದು. ಮಕ್ಕಳ ಆತ್ಮವಿಶ್ವಾಸಕ್ಕೆ ಬೇಕಿಂಗ್ ಒದಗಿಬರುವುದು ಇದೇ ಕಾರಣಕ್ಕೆ ಎಂದು ನನಗೆ ತೋರುತ್ತದೆ: ‘ಇದು ನಾನು ಮಾಡಿದ್ದು’ ಎಂದು ಮಗು ಪೂರ್ತಿ ಅರ್ಥದಲ್ಲಿ ಹೇಳಬಹುದಾದ ಅಡುಗೆ ಅದು. ಈ ಬರಹದಲ್ಲಿ ಅಳತೆ, ಹದ, ಶಾಖಗಳ ವಿವರ ಇದೆ. ಅದರ ಜೊತೆಗೆ, ಆ ‘ನಾನು’ ಎಂಬುದನ್ನು ದೊಡ್ಡವರು ಕೆಡಿಸದೆ ಉಳಿಸಿಕೊಡುವುದು ಹೇಗೆ ಎಂಬ ವಿವರವೂ ಇದೆ, ಮತ್ತು ಅದೇ ಹೆಚ್ಚು ಕಷ್ಟದ ಭಾಗ.

ಅದನ್ನು ನಾನು ಮೊದಲು ಕೆಡಿಸಿ, ಆಮೇಲೆ ಕಲಿತೆ. ತಂಗಿಯ ಮಗನಿಗೆ ಆಗ ಏಳು ವರ್ಷ. ಬೇಸಿಗೆ ರಜೆಗೆ ಬಂದಿದ್ದವನು ನಾನ್‌ಖಟಾಯಿಯ ಹದಿನಾರು ಉಂಡೆಗಳನ್ನು ತಟ್ಟೆಯಲ್ಲಿ ಜೋಡಿಸಿಟ್ಟು ಕೈ ತೊಳೆಯಲು ಬಚ್ಚಲಿಗೆ ಹೋದ. ಒಂದು ಉಂಡೆ ನಿಂಬೆಯಷ್ಟು, ಇನ್ನೊಂದು ಗೋಲಿಯಷ್ಟು. ಕೆಲವಕ್ಕೆ ಬಿರುಕು, ಒಂದಕ್ಕೆ ಹೆಬ್ಬೆರಳಿನ ಗುಂಡಿ. ಅವನು ಬರುವುದರೊಳಗೆ ನಾನು ಆರು ಉಂಡೆಗಳನ್ನು ಎತ್ತಿ, ಅಂಗೈಯಲ್ಲಿ ಉರುಳಿಸಿ, ನುಣ್ಣಗೆ ಮಾಡಿ ಇಟ್ಟುಬಿಟ್ಟೆ. ಬೆಂದು ಬಂದ ತಟ್ಟೆಯನ್ನು ಅವನು ಬಹಳ ಹೊತ್ತು ನೋಡಿದ. ‘ದೊಡ್ಡಮ್ಮ, ಇವು ನನ್ನವಲ್ಲ. ನನ್ನ ಉಂಡೆಗೆ ಹೊಟ್ಟೆ ಇತ್ತು’ ಎಂದ. ನುಣ್ಣನೆಯ ಆರನ್ನೂ ಬೇರೆ ಮಾಡಿ ನನ್ನ ಕಡೆಗೆ ಸರಿಸಿದ. ಸಂಜೆ ಅವನಪ್ಪ ಫೋನಿನಲ್ಲಿ ಏನು ವಿಶೇಷವೆಂದು ಕೇಳಿದಾಗ ‘ದೊಡ್ಡಮ್ಮ ಬಿಸ್ಕತ್ತು ಮಾಡಿದ್ರು’ ಎಂದನೇ ಹೊರತು ತಾನು ಮಾಡಿದೆ ಎನ್ನಲಿಲ್ಲ. ಎರಡು ನಿಮಿಷದ ನನ್ನ ಅಚ್ಚುಕಟ್ಟುತನಕ್ಕೆ ಅವನ ಒಂದು ಗಂಟೆಯ ದುಡಿಮೆ ಬಲಿಯಾಗಿತ್ತು.

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರು ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು 1977ರಲ್ಲಿ ವಿವರಿಸುತ್ತ ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಸಾಧಿಸಿದ ಅನುಭವ, ತನ್ನಂಥವರು ಮಾಡುವುದನ್ನು ಕಣ್ಣಾರೆ ಕಂಡದ್ದು, ಇತರರ ಹುರಿದುಂಬಿಸುವ ಮಾತು, ಮತ್ತು ಆ ಹೊತ್ತಿನ ಮೈಮನಸ್ಸುಗಳ ಸ್ಥಿತಿ. ಇವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು ಎಂದು ಅವರು ಹೇಳಿದರು. ಮನೆಗಳಲ್ಲಿ ನಾವು ಧಾರಾಳವಾಗಿ ಖರ್ಚು ಮಾಡುವುದು ಮೂರನೆಯದನ್ನು. ‘ನೀನು ಜಾಣ, ನಿನಗೆ ಬರುತ್ತೆ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಆದರೆ ಮಗು ಶರ್ಟಿನ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರೆ ಅರ್ಧ ನಿಮಿಷ ತಡೆಯಲಾರದೆ ನಾವೇ ಹಾಕಿಬಿಡುತ್ತೇವೆ. ಮಾತು ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ, ಮಗು ನಂಬುವುದು ಕೈಯನ್ನು.

ಅಡುಗೆಯ ವಿಷಯದಲ್ಲೇ ನಡೆದ ಒಂದು ಸಣ್ಣ ಪ್ರಯೋಗವೂ ಇಲ್ಲಿ ನೆನೆಯತಕ್ಕದ್ದು. ಸ್ವಿಟ್ಜರ್ಲೆಂಡಿನಲ್ಲಿ ಆರರಿಂದ ಹತ್ತು ವರ್ಷದ 47 ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೆತ್ತವರ ಜೊತೆ ಸೇರಿ ಊಟ ತಯಾರಿಸಿದ ಮಕ್ಕಳು, ಹೆತ್ತವರೊಬ್ಬರೇ ಮಾಡಿಕೊಟ್ಟ ಊಟವನ್ನು ಉಂಡ ಮಕ್ಕಳಿಗಿಂತ ಹೆಚ್ಚು ಸಲಾಡ್ ತಿಂದರು. ಮನಸ್ಸು ಹಗುರವಾಗಿದೆ, ಪರಿಸ್ಥಿತಿ ತಮ್ಮ ಹಿಡಿತದಲ್ಲಿದೆ ಎಂಬ ಭಾವವೂ ಆ ಮಕ್ಕಳಲ್ಲಿ ಹೆಚ್ಚಿತ್ತು. ಅಧ್ಯಯನ ಚಿಕ್ಕದು, ನಡೆದದ್ದು ಆಹಾರ ಕಂಪನಿಯೊಂದರ ಸಂಶೋಧನಾ ಕೇಂದ್ರದಲ್ಲಿ, ಮತ್ತು ಅದರಲ್ಲಿ ಮಾಡಿದ್ದು ಬಿಸ್ಕತ್ತನ್ನಲ್ಲ. ಆದ್ದರಿಂದ ಅದಕ್ಕೆ ಅತಿಯಾದ ಭಾರ ಹೊರಿಸುವುದು ಬೇಡ. ಆದರೂ ಮೂಲಂಗಿ ಮುಟ್ಟದ ಮಗು ತಾನೇ ತುರಿದ ಮೂಲಂಗಿಯ ಕೋಸಂಬರಿಯನ್ನು ಎರಡನೇ ಸಲ ಹಾಕಿಸಿಕೊಳ್ಳುವುದನ್ನು ಕಂಡವರಿಗೆ ಆ ಫಲಿತಾಂಶ ಹೊಸದೆನಿಸದು.

ಶುರು ಮಾಡುವ ಮುನ್ನ

ವಯಸ್ಸಿನ ಲೆಕ್ಕವನ್ನು ತೀರ ಬಿಗಿಯಾಗಿ ಹಿಡಿಯಬೇಕಾಗಿಲ್ಲ. ಮೂರು ನಾಲ್ಕು ವರ್ಷದ ಮಗು ಅಳೆದಿಟ್ಟದ್ದನ್ನು ಸುರಿಯಬಲ್ಲದು, ಕಲಸಬಲ್ಲದು, ಬಿಸ್ಕತ್ತಿನ ಮೇಲೆ ಗೋಡಂಬಿ ಒತ್ತಬಲ್ಲದು. ಐದರಿಂದ ಏಳರವರೆಗಿನವರು ತೂಗಿ, ಜರಡಿ ಹಿಡಿದು, ಉಂಡೆ ಕಟ್ಟುವುದನ್ನು ಸ್ವತಂತ್ರವಾಗಿ ಮಾಡುತ್ತಾರೆ. ಎಂಟು ದಾಟಿದವರಿಗೆ ಪಾಕವಿಧಾನವನ್ನು ಬರೆದುಕೊಟ್ಟು ನೀವು ಪಕ್ಕದ ಕುರ್ಚಿಯಲ್ಲಿ ಕುಳಿತರೆ ಸಾಕು. ಬಿಸಿ ತಟ್ಟೆಯನ್ನು ಹೊರಗೆಳೆಯುವ ಕೆಲಸವನ್ನು ಹನ್ನೊಂದು ಹನ್ನೆರಡರ ಮೊದಲು ನಾನು ಯಾರಿಗೂ ಬಿಟ್ಟಿಲ್ಲ. ಆಮೇಲೂ ಮೊದಲ ಕೆಲವು ಸಲ ಪಕ್ಕದಲ್ಲೇ ನಿಂತಿದ್ದೇನೆ. ಹುಡುಗರಿಗೇಕೆ ಇದೆಲ್ಲ ಎಂದು ಮನೆಯ ಹಿರಿಯರು ಗೊಣಗಿದರೆ, ಮದುವೆಮನೆಯ ಅಡುಗೆ ಭಟ್ಟರನ್ನೂ ಬೀದಿ ಕೊನೆಯ ಬೇಕರಿಯಲ್ಲಿ ಬೆಳಗಿನ ಜಾವ ಹಿಟ್ಟು ನಾದುವವರನ್ನೂ ಒಮ್ಮೆ ನೆನಪಿಸಿದರೆ ಮಾತು ಅಲ್ಲಿಗೆ ನಿಲ್ಲುತ್ತದೆ.

ಜಾಗದ ವಿಷಯಕ್ಕೆ ಹೆಚ್ಚು ಗಮನ ಬೇಕು. ಅಡುಗೆ ಕಟ್ಟೆ ದೊಡ್ಡವರ ಸೊಂಟದ ಎತ್ತರಕ್ಕೆ ಕಟ್ಟಿದ್ದು. ಅದರ ಮುಂದೆ ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತ ಮಗುವಿನ ಅರ್ಧ ಗಮನ ಬೀಳದೆ ನಿಲ್ಲುವುದಕ್ಕೇ ಹೋಗುತ್ತದೆ. ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿ, ಮುಂದೆ ದೊಡ್ಡ ಪರಾತವೊಂದನ್ನು ಇಡುವುದು ಎಲ್ಲಕ್ಕಿಂತ ಒಳ್ಳೆಯದು. ನಮ್ಮ ಅಜ್ಜಿಯರು ಹಪ್ಪಳ ಲಟ್ಟಿಸಿದ್ದು, ಚಕ್ಕುಲಿ ಒತ್ತಿದ್ದು ನೆಲದಲ್ಲಿ ಕುಳಿತೇ. ಹಿಟ್ಟು ಚೆಲ್ಲುತ್ತದೆ, ಚೆಲ್ಲಲಿ. ಪತ್ರಿಕೆ ಮಡಚಿದರೆ ಆಯಿತು. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆಯ ಬಿಡುವು ಇಟ್ಟುಕೊಳ್ಳಿ. ಶಾಲೆಯ ಬಸ್ಸು ಬರುವ ಮುಂಚೆ, ನೆಂಟರು ಬರುವ ದಿನ, ಗ್ಯಾಸು ಮುಗಿಯುತ್ತಿರುವಾಗ ಈ ಕೆಲಸಕ್ಕೆ ಇಳಿಯಬೇಡಿ. ಅವಸರದಲ್ಲಿರುವ ದೊಡ್ಡವರ ಕೈ ತಾನಾಗಿಯೇ ಮಗುವಿನ ಬಟ್ಟಲಿಗೆ ಹೋಗುತ್ತದೆ.

ಕೊಳ್ಳಲೇಬೇಕಾದ ಉಪಕರಣ ಒಂದೇ, ಗ್ರಾಂ ತೋರಿಸುವ ಚಿಕ್ಕ ತೂಕದ ಯಂತ್ರ. ‘ಕಣ್ಣಳತೆ’ ಎಂಬುದು ಇಪ್ಪತ್ತು ವರ್ಷ ಅಡುಗೆ ಮಾಡಿದವರ ಆಸ್ತಿ. ಮಗುವಿನ ಬಳಿ ಅದಿಲ್ಲ. ಅಂಕಿ 120 ತೋರಿಸುತ್ತಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಮಗು ಯಾರನ್ನೂ ಕೇಳದೆ ತಾನೇ ನಿರ್ಧರಿಸಬಹುದು. ‘ಇಷ್ಟು ಸಾಕಾ?’ ಎಂದು ಪ್ರತಿ ಹೆಜ್ಜೆಗೂ ದೊಡ್ಡವರ ಮುಖ ನೋಡುವ ಮಕ್ಕಳಿರುತ್ತಾರಲ್ಲ, ಅವರಿಗೆ ಈ ಯಂತ್ರ ಮಾಡುವ ಉಪಕಾರ ದೊಡ್ಡದು. ಓವನ್ ಇಲ್ಲದವರು ಹಳೆಯ, ದಪ್ಪ ತಳದ, ಮುಚ್ಚಳವಿರುವ ಪಾತ್ರೆಯ ತಳಕ್ಕೆ ಒಂದು ಪದರ ಕಲ್ಲುಪ್ಪು ಹಾಸಿ, ಅದರ ಮೇಲೆ ಸ್ಟ್ಯಾಂಡ್ ಇಟ್ಟು, ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಮೊದಲೇ ಕಾಯಿಸಿಕೊಂಡರೆ ಅದರಲ್ಲೂ ಬಿಸ್ಕತ್ತು ಬೇಯುತ್ತದೆ. ಮೈಕ್ರೋವೇವ್ ಇದ್ದವರು ಅದರಲ್ಲಿ ಕನ್ವೆಕ್ಷನ್, ಅಂದರೆ ಬಿಸಿಗಾಳಿಯಿಂದ ಬೇಯಿಸುವ, ಸೌಲಭ್ಯ ಇದೆಯೇ ಎಂದು ನೋಡಿಕೊಳ್ಳಬೇಕು. ಬರೀ ಮೈಕ್ರೋವೇವ್‌ನಲ್ಲಿ ಬಿಸ್ಕತ್ತಿಗೆ ಬಣ್ಣವೂ ಬರುವುದಿಲ್ಲ, ಗರಿಯೂ ಬರುವುದಿಲ್ಲ.

ಮೊದಲ ದಿನ ನಾನ್‌ಖಟಾಯಿ

ಕೇಕಿನಿಂದ ಶುರು ಮಾಡಬೇಕೆಂದು ಮಕ್ಕಳು ಹಟ ಹಿಡಿಯುತ್ತಾರೆ. ಕೇಕು ಒಂದೇ ಇರುತ್ತದೆ. ಅದು ಕುಸಿದರೆ ಎಲ್ಲವೂ ಕುಸಿದಂತೆ. ನಾನ್‌ಖಟಾಯಿ ಹದಿನಾರಿರುತ್ತದೆ, ನಾಲ್ಕು ಕೆಟ್ಟರೂ ಹನ್ನೆರಡು ಉಳಿಯುತ್ತವೆ. ಮೊಟ್ಟೆ ಬೇಡ, ಬೀಟರ್ ಬೇಡ, ಹಿಟ್ಟು ಕೈಯಲ್ಲೇ ಆಗುತ್ತದೆ.

ಮೈದಾ 120 ಗ್ರಾಂ, ಕಡಲೆಹಿಟ್ಟು 25 ಗ್ರಾಂ, ಚಿರೋಟಿ ರವೆ 15 ಗ್ರಾಂ, ಪುಡಿ ಮಾಡಿದ ಸಕ್ಕರೆ 70 ಗ್ರಾಂ, ತುಪ್ಪ 95 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಒಂದು ಚಿಟಿಕೆ ಉಪ್ಪು, ಕುಟ್ಟಿದ ಏಲಕ್ಕಿ ನಾಲ್ಕು. ಪ್ರತಿಯೊಂದನ್ನೂ ಬೇರೆ ಬೇರೆ ಬಟ್ಟಲಿಗೆ ಮಗುವೇ ತೂಗಿ ಸಾಲಾಗಿ ಇಡಲಿ. ಬಟ್ಟಲುಗಳು ಹೆಚ್ಚು ತೊಳೆಯಬೇಕಾಗುತ್ತದೆ ಎಂಬುದು ನಿಜ, ಆದರೆ ಮುಂದೆ ಏನು ಹಾಕಬೇಕೆಂಬುದು ಕಣ್ಣಿಗೆ ಕಾಣುವಂತೆ ಸಾಲಿನಲ್ಲಿ ಇದ್ದರೆ ಮಗು ನಿಮ್ಮನ್ನು ಕೇಳುವುದು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ತುಪ್ಪ ಕರಗಿರಬಾರದು. ಹರಳುಗಟ್ಟಿ, ಬೆರಳಿಟ್ಟರೆ ಗುಂಡಿ ಬೀಳುವಷ್ಟು ಮೆತ್ತಗಿರಬೇಕು. ಬೇಸಿಗೆಯಲ್ಲಿ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಬೇಕಾಗಬಹುದು.

ಮೊದಲು ತುಪ್ಪಕ್ಕೆ ಸಕ್ಕರೆ ಪುಡಿ ಸೇರಿಸಿ, ಅಂಗೈಯಿಂದ ಪರಾತಕ್ಕೆ ಉಜ್ಜುತ್ತ, ಬಣ್ಣ ಬೆಳ್ಳಗಾಗಿ ಕೆನೆಯಂತೆ ಆಗುವವರೆಗೆ ತಿಕ್ಕಬೇಕು. ಐದು ನಿಮಿಷವಾದರೂ ಬೇಕು, ಮಕ್ಕಳಿಗೆ ಈ ಭಾಗ ಬಲು ಪ್ರೀತಿ. ನಮ್ಮವನು ‘ಇದು ಗೋಡೆಗೆ ಸುಣ್ಣ ಹಚ್ಚಿದ ಹಾಗೆ’ ಎನ್ನುತ್ತಿದ್ದ. ಆಮೇಲೆ ಹಿಟ್ಟುಗಳನ್ನೂ ಬೇಕಿಂಗ್ ಪೌಡರನ್ನೂ ಕೂಡಿಸಿ ಜರಡಿ ಹಿಡಿದು ಅದರ ಮೇಲೆ ಬೀಳಿಸಿ, ರವೆ, ಏಲಕ್ಕಿ, ಉಪ್ಪು ಹಾಕಿ, ಬೆರಳ ತುದಿಗಳಿಂದ ಒಟ್ಟುಗೂಡಿಸಬೇಕು. ಇಲ್ಲಿ ಒಂದು ಎಚ್ಚರಿಕೆ: ಚಪಾತಿ ಹಿಟ್ಟಿನಂತೆ ನಾದಕೂಡದು. ಮೈದಾಕ್ಕೆ ನೀರು ತಗುಲಿ ನಾದಿದಾಗ ಅದರಲ್ಲಿ ಗ್ಲುಟೆನ್ ಎಂಬ ಎಳೆಎಳೆಯಾದ ಜಾಲ ಕಟ್ಟಿಕೊಳ್ಳುತ್ತದೆ. ಚಪಾತಿ ಹಿಗ್ಗುವುದು ಅದರಿಂದ. ನಾನ್‌ಖಟಾಯಿಯಲ್ಲಿ ನೀರಿಲ್ಲ, ತುಪ್ಪವು ಹಿಟ್ಟಿನ ಕಣಗಳನ್ನು ಸುತ್ತುವರಿದು ಆ ಜಾಲ ಕಟ್ಟದಂತೆ ತಡೆಯುತ್ತದೆ, ಅದಕ್ಕೇ ಅದು ಬಾಯಲ್ಲಿ ಪುಡಿಪುಡಿಯಾಗುತ್ತದೆ. ‘ಕೂಡಿಸು, ನಾದಬೇಡ’ ಎಂಬ ಮಾತಿಗೆ ಕಾರಣವನ್ನೂ ಸೇರಿಸಿ ಹೇಳಿದರೆ ಎಂಟು ವರ್ಷದ ಮಗು ಅದನ್ನು ಮುಂದಿನ ಸಲ ನಿಮಗೇ ಹೇಳಿಕೊಡುತ್ತದೆ. ಹಿಟ್ಟು ಒಣಒಣವಾಗಿ ಉಂಡೆ ನಿಲ್ಲದಿದ್ದರೆ ಒಂದು ಚಮಚ ತುಪ್ಪ ಹೆಚ್ಚಿಗೆ ಸೇರಿಸಬಹುದು.

ಈಗ ಲೆಕ್ಕ. ಎಲ್ಲ ಸೇರಿ 325 ಗ್ರಾಂ ಆಗುತ್ತದೆ. ಒಂದೊಂದು ಉಂಡೆ 20 ಗ್ರಾಂ ಆದರೆ ಎಷ್ಟು ಉಂಡೆ? ಹದಿನಾರು, ಮಿಕ್ಕಿದ್ದು ಐದು ಗ್ರಾಂ. ಆ ಐದು ಗ್ರಾಮಿನ ಮರಿ ಬಿಸ್ಕತ್ತು ನಮ್ಮ ಮನೆಯಲ್ಲಿ ‘ಅಳಿಲಿನ ಪಾಲು’. ಎಲ್ಲ ಉಂಡೆ ಒಂದೇ ತೂಕದ್ದಾಗಬೇಕೆಂಬ ನಿಯಮವನ್ನು ನೀವು ಹೇರಬೇಡಿ. ಮಗು ಹೇಗೆ ಕಟ್ಟುತ್ತದೋ ಹಾಗೆ ಕಟ್ಟಲಿ. ಚಿಕ್ಕವು ಕರಿಕಾಗಿ ದೊಡ್ಡವು ಹಸಿಯಾಗಿ ಬಂದಾಗ, ಸಮ ತೂಕ ಏಕೆ ಬೇಕೆಂಬ ಪ್ರಶ್ನೆ ತಟ್ಟೆಯಿಂದಲೇ ಏಳುತ್ತದೆ. ಉಂಡೆಗಳನ್ನು ತುಸು ಒತ್ತಿ, ಎರಡು ಬೆರಳಿನ ಅಂತರ ಬಿಟ್ಟು ಜೋಡಿಸಿ, ಹತ್ತು ನಿಮಿಷ ಮೊದಲೇ 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟ ಓವನ್ನಿನ ನಡುವಿನ ಅಂತಸ್ತಿನಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಪಾತ್ರೆಯಲ್ಲಾದರೆ ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಹಿಡಿಯುತ್ತದೆ.

ಓವನ್ನಿನ ಮುಂದೆ ಮಗುವಿಗೆ ಒಂದು ಗೆರೆ ಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಎಳೆದುಬಿಡಿ: ತಟ್ಟೆ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅದರಾಚೆ ಮಗು ನಿಲ್ಲಬೇಕು. ತಟ್ಟೆ ಹಿಡಿಯುವ ಮಸಿಬಟ್ಟೆ ದಪ್ಪಗೂ ಒಣಗಿಯೂ ಇರಲಿ. ಒದ್ದೆ ಬಟ್ಟೆಯ ಮೂಲಕ ಶಾಖ ಬೇಗ ಕೈಗೆ ಹತ್ತುತ್ತದೆ. ಅಕಸ್ಮಾತ್ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಇಂಕು, ತುಪ್ಪ ಹಚ್ಚುವ ಹಳೆಯ ರೂಢಿ ಬೇಡ. ಬೊಬ್ಬೆ ದೊಡ್ಡದಾಗಿ ಎದ್ದರೆ ವೈದ್ಯರಿಗೆ ತೋರಿಸಬೇಕು. ಇನ್ನೊಂದು ಮಾತು: ಹಸಿ ಹಿಟ್ಟನ್ನು ನೆಕ್ಕುವುದನ್ನು ಮೊದಲ ದಿನವೇ ತಡೆಯಿರಿ. ಮೊಟ್ಟೆ ಹಾಕದಿದ್ದರೂ ಬೇಯಿಸದ ಮೈದಾದಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಬೆಂದ ನಾನ್‌ಖಟಾಯಿ ಹೊರಬಂದಾಗ ಮೆತ್ತಗಿರುತ್ತದೆ. ಹತ್ತಕ್ಕೆ ಒಂಬತ್ತು ಮನೆಗಳಲ್ಲಿ ‘ಇನ್ನೂ ಬೆಂದಿಲ್ಲ’ ಎಂದು ಮತ್ತೆ ಒಳಗಿಟ್ಟು ಇಟ್ಟಿಗೆ ಮಾಡುವುದು ಇಲ್ಲಿಯೇ. ಅಂಚು ತುಸು ಬಣ್ಣಕ್ಕೆ ತಿರುಗಿ, ಮೇಲೆ ಬಿರುಕು ಬಿಟ್ಟಿದ್ದರೆ ಬೆಂದಿದೆ ಎಂದೇ ಅರ್ಥ. ತಟ್ಟೆಯಲ್ಲೇ ಇಪ್ಪತ್ತು ನಿಮಿಷ ಬಿಟ್ಟರೆ ಗರಿಗರಿಯಾಗುತ್ತದೆ. ಈ ಇಪ್ಪತ್ತು ನಿಮಿಷ ಮಗುವಿಗೆ ಬಹಳ ದೊಡ್ಡದು. ಮನೆಯೆಲ್ಲ ಏಲಕ್ಕಿ ತುಪ್ಪದ ಘಮ, ಎದುರಿಗೆ ತಟ್ಟೆ, ಮುಟ್ಟುವಂತಿಲ್ಲ. ಆ ಹೊತ್ತಿಗೆ ಮೊಬೈಲ್ ಕೊಟ್ಟು ಕೂರಿಸಿದರೆ ಕಾಯುವುದನ್ನು ಕಲಿಯುವ ಅವಕಾಶ ಕೈತಪ್ಪುತ್ತದೆ. ಬಟ್ಟಲು ತೊಳೆಯುವುದು, ಜರಡಿ ಕೊಡವುವುದು, ಪತ್ರಿಕೆ ಮಡಚುವುದು ಇವೆಲ್ಲ ಆ ಇಪ್ಪತ್ತು ನಿಮಿಷಕ್ಕೆಂದೇ ಇರುವ ಕೆಲಸಗಳು; ಶುಚಿ ಮಾಡುವುದೂ ಮಾಡಿದವರ ಪಾಲಿನದೇ ಎಂಬುದು ಬೈಗುಳವಿಲ್ಲದೆ ತಿಳಿಯುತ್ತದೆ.

ಕೆಟ್ಟುಹೋದಾಗ

ಬೇಕಿಂಗ್‌ನಲ್ಲಿ ಕೆಟ್ಟದ್ದಕ್ಕೆ ಕಾರಣ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಬಿಸ್ಕತ್ತು ಹರಡಿ ಒಂದಕ್ಕೊಂದು ಅಂಟಿಕೊಂಡಿದ್ದರೆ ತುಪ್ಪ ಕರಗಿತ್ತು ಅಥವಾ ಓವನ್ ಕಾದಿರಲಿಲ್ಲ. ಕಲ್ಲಾಗಿದ್ದರೆ ನಾದಿದ್ದು ಹೆಚ್ಚಾಯಿತು ಅಥವಾ ಬೇಯಿಸಿದ್ದು ಹೆಚ್ಚಾಯಿತು. ತಳ ಸೀದು ಮೇಲ್ಭಾಗ ಬಿಳಿಚಿದ್ದರೆ ತಟ್ಟೆಯನ್ನು ತೀರ ಕೆಳಗಿಟ್ಟಿದ್ದೇವೆ. ಹೀಗೆ ತಪ್ಪು ಇರುವುದು ತುಪ್ಪದಲ್ಲಿ, ಶಾಖದಲ್ಲಿ, ಸಮಯದಲ್ಲಿ. ‘ನನಗೇ ಬರುವುದಿಲ್ಲ’ ಎನ್ನುವ ಮಗುವಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ. ಗಣಿತದ ಪತ್ರಿಕೆಯಲ್ಲಿ ಕೆಂಪು ಶಾಯಿಯ ತಪ್ಪು ಗುರುತು ಬಿದ್ದಮೇಲೆ ಅದನ್ನು ಅದೇ ಸಂಜೆ ಮತ್ತೆ ಬರೆದು ಪೂರ್ಣಾಂಕ ಪಡೆಯುವಂತಿಲ್ಲ. ಬಿಸ್ಕತ್ತನ್ನು ಮುಂದಿನ ಭಾನುವಾರ ಮತ್ತೆ ಮಾಡಬಹುದು, ಮತ್ತು ಕೆಟ್ಟದ್ದನ್ನು ಪುಡಿ ಮಾಡಿ ಹಾಲಿಗೆ ಹಾಕಿಕೊಂಡು ತಿನ್ನಬಹುದು.

ನಮ್ಮ ಹುಡುಗನ ಎರಡನೆಯ ಪ್ರಯತ್ನ ಹೀಗೇ ಕೆಟ್ಟಿತು. ಬೇಗ ಮೆತ್ತಗಾಗಲಿ ಎಂದು ತುಪ್ಪದ ಬಟ್ಟಲನ್ನು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟಿದ್ದ, ಅದು ಎಣ್ಣೆಯಾಗಿತ್ತು. ನಾನು ನೋಡಿದೆ, ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಓವನ್ನಿನ ಗಾಜಿನ ಆಚೆ ಹದಿನಾರು ಉಂಡೆಗಳು ನಿಧಾನವಾಗಿ ಕರಗಿ, ಚಪ್ಪಟೆಯಾಗಿ, ಕೈಕೈ ಹಿಡಿದುಕೊಂಡು ಒಂದೇ ಹಾಳೆಯಾದವು. ಅವನ ಮುಖ ಬಾಡಿತು. ‘ಯಾಕೆ ಹೀಗಾಯ್ತು ಅನ್ನಿಸುತ್ತೆ?’ ಎಂದಷ್ಟೇ ಕೇಳಿದೆ. ಬಹಳ ಹೊತ್ತಿನ ಮೇಲೆ ‘ತುಪ್ಪ ಹೋದ ಸಲ ಬೆಣ್ಣೆ ಥರ ಇತ್ತು, ಈ ಸಲ ನೀರಿತ್ತು’ ಎಂದ. ಆ ಹಾಳೆಯನ್ನು ಚಾಕುವಿನಿಂದ ಚೌಕ ಚೌಕ ಕತ್ತರಿಸಿದೆವು, ಬರ್ಫಿಯಂತೆ. ಅವೆಲ್ಲವನ್ನೂ ಅವನೇ ಹಂಚಿದ, ಮತ್ತು ಕೇಳಿದವರಿಗೆಲ್ಲ ಅವು ಏಕೆ ಚೌಕವಾದವು ಎಂಬ ಕಾರಣವನ್ನು ಯಾವ ಸಂಕೋಚವೂ ಇಲ್ಲದೆ ಹೇಳಿದ.

ಮೆಚ್ಚುಗೆಯ ಮಾತಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಅವರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನೀನು ಬುದ್ಧಿವಂತ’ ಎಂದು ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು, ‘ನೀನು ಶ್ರಮಪಟ್ಟೆ’ ಎನಿಸಿಕೊಂಡವರಿಗಿಂತ, ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು ಮತ್ತು ಮುಂದಿನ ಲೆಕ್ಕಗಳನ್ನು ಮೊದಲಿಗಿಂತ ಕೆಟ್ಟದಾಗಿ ಮಾಡಿದರು. ಅಡುಗೆಮನೆಯಲ್ಲಿ ಇದನ್ನು ಪಾಲಿಸುವುದು ಸುಲಭ. ‘ಆಹಾ, ನೀನೊಬ್ಬ ದೊಡ್ಡ ಬಾಣಸಿಗ’ ಎನ್ನುವ ಬದಲು ‘ತುಪ್ಪ ಸಕ್ಕರೆ ಚೆನ್ನಾಗಿ ತಿಕ್ಕಿದೆ ನೋಡು, ಅದಕ್ಕೇ ಹಗುರ ಬಂದಿದೆ’ ಎನ್ನಿ. ಕಂಡದ್ದನ್ನು ಹೇಳಿದರೆ ಸಾಕು. ರುಚಿ ಚೆನ್ನಾಗಿಲ್ಲದಿದ್ದರೆ ಚೆನ್ನಾಗಿದೆ ಎಂದು ಸುಳ್ಳು ಹೇಳಬೇಡಿ. ಮಗುವಿಗೂ ನಾಲಿಗೆ ಇದೆ.

ಮುಂದಿನ ಮೆಟ್ಟಿಲುಗಳು

ನಾನ್‌ಖಟಾಯಿ ಎರಡು ಮೂರು ಸಲ ಸರಿಬಂದ ಮೇಲೆ ಖಾರ ಬಿಸ್ಕತ್ತಿಗೆ ಹೋಗಬಹುದು. ಬೆಂಗಳೂರು, ಮೈಸೂರುಗಳ ಅಯ್ಯಂಗಾರ್ ಬೇಕರಿಗಳ ಗಾಜಿನ ಭರಣಿಗಳಲ್ಲಿ ಇರುವುದು ಇದೇ. ಈ ಬೇಕರಿಗಳನ್ನು ಕಟ್ಟಿದ ಕುಟುಂಬಗಳಲ್ಲಿ ಎಷ್ಟೋ ಹಾಸನ ಜಿಲ್ಲೆಯಿಂದ ಬಂದವು, ಮತ್ತು ಅವರು ಮೊಟ್ಟೆಯಿಲ್ಲದೆ ಬೇಯಿಸುವ ವಿದ್ಯೆಯನ್ನೇ ಹೆಸರುವಾಸಿ ಮಾಡಿದರು. ಮೈದಾ 125 ಗ್ರಾಂಗೆ ಬೆಣ್ಣೆ 60 ಗ್ರಾಂ, ಸಕ್ಕರೆ ಪುಡಿ ಒಂದು ದೊಡ್ಡ ಚಮಚ, ಗಟ್ಟಿ ಮೊಸರು ಎರಡು ದೊಡ್ಡ ಚಮಚ, ಉಪ್ಪು ಮತ್ತು ಬೇಕಿಂಗ್ ಪೌಡರ್ ಅರ್ಧರ್ಧ ಟೀ ಚಮಚ, ಸಣ್ಣಗೆ ಹೆಚ್ಚಿದ ಕರಿಬೇವು, ಕೊತ್ತಂಬರಿ, ಹಸಿಮೆಣಸಿನಕಾಯಿ. ಮೆಣಸಿನಕಾಯಿಯನ್ನು ದೊಡ್ಡವರೇ ಹೆಚ್ಚಬೇಕು, ಕಲಸುವುದನ್ನು ಚಮಚದಲ್ಲಿ ಮಾಡಬೇಕು. ಖಾರದ ಬೆರಳು ಕಣ್ಣಿಗೆ ಹೋದರೆ ಆ ದಿನದ ಉತ್ಸಾಹವೆಲ್ಲ ಅಳುವಿನಲ್ಲಿ ಮುಗಿಯುತ್ತದೆ. ಲಟ್ಟಿಸಿ, ಸ್ಟೀಲ್ ಲೋಟದ ಬಾಯಿಂದ ಬಿಲ್ಲೆ ಕತ್ತರಿಸಿ, 180 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಬೇಯಿಸಿದರಾಯಿತು. ಸಿಹಿ ಒಲ್ಲದ ತಾತನಿಗೆ ಮೊಮ್ಮಗಳು ತಾನೇ ಆರಿಸಿ ಮಾಡಿಕೊಡಬಹುದಾದ ತಿಂಡಿ ಇದು, ಯಾರಿಗೆ ಏನು ಇಷ್ಟ ಎಂದು ಯೋಚಿಸಿ ಮಾಡುವ ಅಭ್ಯಾಸ ಇಲ್ಲಿಂದ ಮೊದಲಾಗುತ್ತದೆ.

ಯೀಸ್ಟಿನ ಬನ್ನು ಕೊನೆಯ ಮೆಟ್ಟಿಲು, ನನಗೆ ಅತ್ಯಂತ ಪ್ರಿಯವಾದದ್ದೂ ಅದೇ. ಒಂದು ಟೀ ಚಮಚ ಒಣ ಯೀಸ್ಟನ್ನೂ ಒಂದು ದೊಡ್ಡ ಚಮಚ ಸಕ್ಕರೆಯನ್ನೂ 150 ಮಿಲಿಲೀಟರ್ ಉಗುರುಬೆಚ್ಚಗಿನ ಹಾಲಿಗೆ ಹಾಕಿ ಹತ್ತು ನಿಮಿಷ ಬಿಟ್ಟರೆ ನೊರೆ ಏಳಬೇಕು. ಏಳದಿದ್ದರೆ ಯೀಸ್ಟ್ ಸತ್ತಿದೆ ಅಥವಾ ಹಾಲು ಬಿಸಿ ಹೆಚ್ಚಾಗಿತ್ತು. ಅದು 35ರಿಂದ 40 ಡಿಗ್ರಿಯಲ್ಲಿ ಚುರುಕಾಗಿ, 60ರ ಹತ್ತಿರ ಸಾಯುತ್ತದೆ. ಯೀಸ್ಟ್ ಜೀವವಿರುವ ವಸ್ತು, ಅದಕ್ಕೆ ಊಟ ಹಾಕುತ್ತಿದ್ದೇವೆ, ಅದು ಸಕ್ಕರೆ ತಿಂದು ಬಿಡುವ ಗಾಳಿಯಿಂದಲೇ ಬನ್ನು ಉಬ್ಬುತ್ತದೆ ಎಂದರೆ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು. 250 ಗ್ರಾಂ ಮೈದಾ, ಮುಕ್ಕಾಲು ಟೀ ಚಮಚ ಉಪ್ಪು, 25 ಗ್ರಾಂ ಬೆಣ್ಣೆ ಸೇರಿಸಿ, ಈ ಸಲ ಹತ್ತು ಹನ್ನೆರಡು ನಿಮಿಷ ಚೆನ್ನಾಗಿಯೇ ನಾದಬೇಕು, ಎತ್ತಿ ಕುಕ್ಕಬೇಕು, ಗುದ್ದಬೇಕು. ಶಾಲೆಯಲ್ಲಿ ಜಗಳವಾಡಿ ಬಂದ ದಿನ, ಪರೀಕ್ಷೆಯ ದಿಗಿಲಿನ ದಿನ, ಈ ಗುದ್ದಾಟದಿಂದ ಮಗುವಿನ ಉಸಿರು ನಿಧಾನಕ್ಕೆ ಬರುವುದನ್ನು ನಾನು ಕಂಡಿದ್ದೇನೆ. ಕೈಗೆ ಕೆಲಸ ಇರುವಾಗ, ಮುಖ ಮುಖ ನೋಡಬೇಕಾದ ಒತ್ತಾಯ ಇಲ್ಲದಾಗ, ಎದುರಿಗೆ ಕೂರಿಸಿ ಕೇಳಿದರೆ ಹೊರಬರದ ಮಾತುಗಳು ತಾವಾಗಿ ಬರುತ್ತವೆ. ನೀವು ಆಗ ಹಿಟ್ಟನ್ನೇ ನೋಡುತ್ತ ‘ಹೂಂ’ ಎನ್ನುತ್ತಿದ್ದರೆ ಸಾಕು.

ಒದ್ದೆ ಬಟ್ಟೆ ಮುಚ್ಚಿಟ್ಟ ಹಿಟ್ಟು ಎರಡರಷ್ಟಾಗಲು ಮಂಗಳೂರಿನ ಸೆಕೆಯಲ್ಲಿ ಮುಕ್ಕಾಲು ಗಂಟೆ ಸಾಕಾದರೆ ಮಡಿಕೇರಿಯ ಚಳಿಯಲ್ಲಿ ಎರಡು ಗಂಟೆ ಹಿಡಿಯಬಹುದು. ಎಂಟು ಉಂಡೆ ಮಾಡಿ, ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟು, ಹಾಲು ಸವರಿ, 190 ಡಿಗ್ರಿಯಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಸಾಧ್ಯವಾದರೆ ಅದಕ್ಕೂ ಮುಂಚೆ ಒಂದು ದಿನ ಹತ್ತಿರದ ಬೇಕರಿಗೆ, ಬನ್ನು ಹೊರಬರುವ ಹೊತ್ತಿಗೆ, ಮಗುವನ್ನು ಕರೆದೊಯ್ದು ತೋರಿಸಿ; ಕೇಳಿದರೆ ಹೆಚ್ಚಿನವರು ಒಳಗೆ ಇಣುಕಲು ಬಿಡುತ್ತಾರೆ.

ಸಕ್ಕರೆ, ಹಂಚಿಕೆ, ಮಿತಿ

ವಾರಕ್ಕೊಮ್ಮೆ ಬೇಕಿಂಗ್ ಎಂದರೆ ದಿನವೂ ಸಿಹಿ ಎಂದಾಗಬಾರದು. ಮೇಲಿನ ಅಳತೆಯ ಒಂದು ನಾನ್‌ಖಟಾಯಿಯಲ್ಲಿ ಸುಮಾರು ನಾಲ್ಕೂವರೆ ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆ ಇರುತ್ತದೆ. ದಿನದ ಒಟ್ಟು ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಹತ್ತನೇ ಒಂದಕ್ಕಿಂತ ಕಡಿಮೆ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದರ ಅರ್ಧಕ್ಕಿಳಿಸಿದರೆ ಇನ್ನೂ ಒಳ್ಳೆಯದೆಂದೂ ಅದು ಹೇಳುತ್ತದೆ. ಈ ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿ. ಅಂಗಡಿಯ ಪೊಟ್ಟಣದಲ್ಲಿ ಕಾಣದ ಸಕ್ಕರೆ, ತಾನೇ ಬಟ್ಟಲಿಗೆ ಸುರಿದಾಗ ಗುಡ್ಡವಾಗಿ ಕಾಣುತ್ತದೆ. ರಾಗಿ ಹಿಟ್ಟು, ಬೆಲ್ಲ ಹಾಕಿ ಮಾಡಬಹುದು, ರುಚಿಯೂ ಚೆನ್ನ. ಆದರೆ ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಸೇರುತ್ತದೆ ಎಂಬುದನ್ನು ಮರೆಯಬಾರದು.

ಸಕ್ಕರೆಗೆ ಇನ್ನೊಂದು ಪರಿಹಾರ ಹಂಚುವುದು. ಸಂಕ್ರಾಂತಿಯಂದು ಎಳ್ಳು ಬೀರಲು ಮನೆಮನೆಗೆ ಹೋಗುವ ಮಕ್ಕಳ ಬಿಗುಮಾನವನ್ನು ನೋಡಿದವರಿಗೆ, ಕೊಡುವವರ ಸ್ಥಾನದಲ್ಲಿ ನಿಂತ ಮಗು ಹೇಗೆ ಒಂದು ಅಂಗುಲ ಎತ್ತರವಾಗುತ್ತದೆ ಎಂಬುದು ಗೊತ್ತಿರುತ್ತದೆ. ಎಂಟು ಬಿಸ್ಕತ್ತು ಮನೆಗೆ, ಎಂಟು ಪಕ್ಕದ ಮನೆಗೆ. ಬಾಗಿಲು ತಟ್ಟುವುದು, ‘ಆಂಟಿ, ನಾನು ಮಾಡಿದ್ದು’ ಎನ್ನುವುದು ಎಲ್ಲವೂ ಮಗುವಿನದೇ. ನೀವು ಮೆಟ್ಟಿಲ ಬಳಿ ನಿಂತಿರಿ. ನಾಚಿಕೆಯ ಮಗುವಿಗೆ ಕೈಯಲ್ಲಿ ಡಬ್ಬವಿದ್ದರೆ ಮಾತು ಸುಲಭವಾಗುತ್ತದೆ.

ಬೇಕಿಂಗ್‌ನಿಂದ ಎಲ್ಲವೂ ಸರಿಹೋಗುತ್ತದೆಂದು ಯಾರೂ ತಿಳಿಯಬಾರದು. ವಾರಗಟ್ಟಲೆ ಮಂಕಾಗಿರುವ, ನಿದ್ದೆ ಊಟ ಬಿಟ್ಟಿರುವ, ಶಾಲೆಗೆ ಹೋಗಲು ಹೆದರುವ ಮಗುವಿಗೆ ವೈದ್ಯರ ಅಥವಾ ಆಪ್ತಸಮಾಲೋಚಕರ ನೆರವು ಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಮಾತನಾಡಬಹುದು. ಕೆಲವು ಮಕ್ಕಳಿಗೆ ಹಿಟ್ಟು ಕೈಗಂಟುವುದೇ ಸಹಿಸದು, ಅವರಿಗೆ ಚಮಚ ಕೊಡಿ. ಕೆಲವರಿಗೆ ಇದರಲ್ಲಿ ಆಸಕ್ತಿಯೇ ಇರದು, ಅವರನ್ನು ಎಳೆತಂದು ಕೂರಿಸಬೇಡಿ. ಅಡುಗೆಮನೆಯ ಫೋಟೊ ತೆಗೆದು ಎಲ್ಲ ಗುಂಪುಗಳಿಗೂ ಕಳಿಸುವ ಉಮೇದನ್ನೂ ಸ್ವಲ್ಪ ತಡೆಯಿರಿ. ಬಿಸ್ಕತ್ತು ಪ್ರದರ್ಶನಕ್ಕೆ ಎಂದಾದೊಡನೆ ಅದು ನುಣ್ಣಗಿರಬೇಕಾಗುತ್ತದೆ, ಮತ್ತು ನಮ್ಮ ಕೈ ಮತ್ತೆ ತಟ್ಟೆಗೆ ಹೋಗುತ್ತದೆ.

ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟರೆ ನಾನ್‌ಖಟಾಯಿ ಹತ್ತು ದಿನ ಗರಿಯಾಗಿರುತ್ತದೆ. ಬಿಸಿಯಿರುವಾಗ ಮುಚ್ಚಿದರೆ ಬೆವೆತು ಮೆತ್ತಗಾಗುತ್ತದೆ. ಡಬ್ಬದ ಮೇಲೆ ದಿನಾಂಕವನ್ನೂ ಹೆಸರನ್ನೂ ಮಗುವೇ ಬರೆದು ಅಂಟಿಸಲಿ. ಇದರ ಜೊತೆಗೆ ಒಂದು ನೂರು ಪುಟದ ನೋಟುಬುಕ್ಕು ಇಡಿಸಿ, ಎಡಗಡೆ ಅಂದು ಮಾಡಿದ ಅಳತೆ, ಬಲಗಡೆ ಮುಂದಿನ ಸಲಕ್ಕೆ ನೆನಪಿಡಬೇಕಾದದ್ದು. ಕಾಗುಣಿತ ತಿದ್ದಲು ಹೋಗಬೇಡಿ. ನಮ್ಮವನ ಪುಸ್ತಕದ ಎರಡನೇ ಪುಟದ ಬಲಗಡೆ ಪೆನ್ಸಿಲಿನಲ್ಲಿ ಒತ್ತಿ ಬರೆದ ಎರಡು ಸಾಲುಗಳಿವೆ: ‘ತುಪ್ಪ ಬಿಸಿಲಿಗೆ ಇಡಬಾರದು. ದೊಡ್ಡಮ್ಮ ಉಂಡೆ ಮುಟ್ಟಬಾರದು.’